ಅರಿಸಿನ ಹಚ್ಚಿದ ಕಂಚಿನ ಬಟ್ಟಲು

ಮೂಡಣ ಬತೇರಿಯ ಮೇಲೆ ನಗಾರಿ ಮೊಳಗುವ ಹೊತ್ತಿಗೆ ಕೆಂಗೋಟೆಯ ಏಳು ಸುತ್ತಿನ ಗೋಡೆಗಳು ಕುಂಕುಮದ ನೀರಿನಲ್ಲಿ ಅದ್ದಿ ತೆಗೆದ ಹಾಗೆ ಕೆಂಪೇರುತ್ತಿದ್ದುವು. ಪಟ್ಟದಾನೆ ಗಂಟೆಯಾಡಿಸುತ್ತ ಹೊಂಡಕ್ಕೆ ಇಳಿಯುವುದು, ಗಾಣಿಗರ ಕೇರಿಯಲ್ಲಿ ಗಾಣಗಳು ಕಿರ್ರೆಂದು ಮೊದಲ ಸುತ್ತು ತಿರುಗುವುದು, ಹೂವಾಡಗಿತ್ತಿಯರು ಸೇವಂತಿಗೆಯ ಹೆಡಿಗೆ ಹೊತ್ತು ಒಬ್ಬರನ್ನೊಬ್ಬರು ಛೇಡಿಸುತ್ತ ಅಂಗಡಿಬೀದಿಯನ್ನು ದಾಟುವುದು, ಮಠದ ಶಂಖಕ್ಕೆ ಬಸದಿಯ ಗಂಟೆ ಓಗೊಡುವುದು, ಕುದುರೆಲಾಯದಿಂದ ಬೆಂದ ಹುರುಳಿಯ ವಾಸನೆ ತೇಲಿಬರುವುದು, ಇವೆಲ್ಲವೂ ಒಂದೇ ಗಳಿಗೆಯಲ್ಲಿ ನಡೆದು, ಆ ಪಟ್ಟಣವು ಮಿಂದು ಮಡಿಯುಟ್ಟ ಮುತ್ತೈದೆಯಂತೆ ಬೆಳಗುತ್ತಿತ್ತು.

ಇಷ್ಟೆಲ್ಲ ವೈಭವದ ನಡುವೆ ಯಾರ ಕಣ್ಣಿಗೂ ಬೀಳದ ಒಂದು ಮೆರವಣಿಗೆ ಅರಮನೆಯ ಹಿತ್ತಿಲ ಬಾಗಿಲಿನಿಂದ ನಿತ್ಯವೂ ಹೊರಡುತ್ತಿತ್ತು. ಮೆರವಣಿಗೆ ಎಂದೆನೆಂದು ನಗಬೇಡಿ. ಅದರಲ್ಲಿದ್ದವಳು ಒಬ್ಬಳೇ ಮುದುಕಿ. ಅವಳ ಕೈಯಲ್ಲಿ ಬಿಳಿಯ ವಸ್ತ್ರ ಮುಚ್ಚಿದ ಒಂದು ಕಂಚಿನ ಬಟ್ಟಲು. ಬಟ್ಟಲಿನಲ್ಲಿ ದೊರೆಯ ಬೆಳಗಿನ ಮೂತ್ರ.

ಮುದುಕಿಯ ಹೆಸರು ಸಂಕವ್ವ. ಕೆಂಗೋಟೆಯ ಅರಸು ಮುದ್ದುಲಿಂಗ ನಾಯಕರಿಗೆ ಎದೆಹಾಲು ಕೊಟ್ಟು ಬೆಳೆಸಿದ ದಾದಿ ಅವಳೇ. ಮುದ್ದುಲಿಂಗರ ತಂದೆ ಹಿರಿಯ ನಾಯಕರು ನಲವತ್ತನಾಲ್ಕರ ಪ್ರಾಯದಲ್ಲಿ ಮಧುಮೇಹದಿಂದ ತೀರಿಕೊಂಡಿದ್ದರು. ರೋಗವೇನೆಂದು ತಿಳಿಯುವಷ್ಟರಲ್ಲಿ ಅವರ ಕಾಲು ಕಪ್ಪಾಗಿತ್ತು, ನಾಲಗೆ ತೊದಲುತ್ತಿತ್ತು, ಮುಂದೆ ಪಟ್ಟ ಯಾರಿಗೆಂದು ಹೇಳುವ ಶಕ್ತಿಯೂ ಉಳಿದಿರಲಿಲ್ಲ. ಅವರು ಸತ್ತ ಮೇಲೆ ದಾಯಾದಿಗಳು ಆರು ತಿಂಗಳು ಹೊಡೆದಾಡಿದರು. ಹದಿನಾಲ್ಕು ಹಳ್ಳಿಗಳು ಬೆಂದು ಬೂದಿಯಾದುವು. ಆ ಬೂದಿ ಆರುವ ಮೊದಲೇ ಎಳೆಯ ಅರಸರು ಅರಮನೆಯ ಮುಂದಣ ಅತ್ತಿಯ ಮರದ ಕೆಳಗೆ ದಿನವೂ ತಮ್ಮ ಮೂತ್ರದ ಪರೀಕ್ಷೆ ನಡೆಯಲೆಂದು ಒಂದು ಕಟ್ಟೆ ಕಟ್ಟಿಸಿ, ಪಕ್ಕದಲ್ಲಿ ಶಾಸನದ ಕಲ್ಲು ನಿಲ್ಲಿಸಿದರು. ಅದರಲ್ಲಿ ಎರಡು ಮಾತು ಕೆತ್ತಿತ್ತು. ಅರಸನ ಬೆಳಗಿನ ಬಟ್ಟಲಿನ ಒಳಗಾಗಲಿ ಹೊರಗಾಗಲಿ ಏನನ್ನಾದರೂ ಸೇರಿಸಿದವರು ಯಾರೇ ಆಗಲಿ ಗಡಿಪಾರು, ನಾಡಿನೊಳಗೆ ಅವರಿಗೆ ನೀರು ಬೆಂಕಿ ಕೊಡಕೂಡದು. ಇನ್ನು, ಅರಸನ ಆಯುಷ್ಯ ಮುಗಿಯಿತೆಂದು ಬಟ್ಟಲು ತೋರಿಸಿದ ದಿನ ಹೊತ್ತು ಮುಳುಗುವುದರೊಳಗೆ ಪಟ್ಟದ ನಿರ್ಣಯವಾಗಬೇಕು, ನಾಯಕರೆಲ್ಲ ಕತ್ತಿಯಿಟ್ಟು ಆಣೆ ಮಾಡಬೇಕು.

ಪರೀಕ್ಷೆ ಮಾಡುವವರು ಅರಮನೆಯ ವೈದ್ಯ ಪಾಯಣ್ಣ ಪಂಡಿತರು. ಬಸದಿಯ ಓಣಿಯ ಜೈನರು, ಒಂದು ಹುಳುವಿಗೂ ನೋವು ಮಾಡದವರು. ಕೈಯಲ್ಲಿ ನವಿಲುಗರಿಯ ಕಟ್ಟು ಹಿಡಿದು, ನೆಲ ನೋಡುತ್ತ, ಇರುವೆ ಸಾಲು ಕಂಡರೆ ನಿಂತು, ಗರಿಯಿಂದ ಮೆಲ್ಲನೆ ದಾರಿ ಬಿಡಿಸಿಕೊಂಡು ಬರುತ್ತಿದ್ದರು.

“ಏನು ಪಂಡಿತರೇ, ಇರುವೆಗಳಿಗೆಲ್ಲ ಕುಶಲ ಕೇಳಿಕೊಂಡು ಬರುವುದರೊಳಗೆ ಸೂರ್ಯ ನೆತ್ತಿಗೇರಿದನಲ್ಲ!” ಎಂದು ಶಾಸನದ ಕಲ್ಲಿಗೆ ಬೆನ್ನು ಕೊಟ್ಟು ಕುಳಿತ ಸಂಕವ್ವ ದಿನವೂ ಕೆಣಕುವಳು.

“ಅವುಗಳಿಗೂ ಮನೆ, ಮಕ್ಕಳು ಇರುತ್ತವೆ ಸಂಕವ್ವ.”

“ಇರಲಿ, ತಂಪಾಗಿರಲಿ. ನಮ್ಮ ದೊರೆಯ ಬಟ್ಟಲಿನ ಕಡೆ ಮಾತ್ರ ಬಾರದಿರಲಿ.”

ಪಂಡಿತರು ದರ್ಭೆಯ ತುದಿಯಿಂದ ಒಂದು ಹನಿ ಎಳ್ಳೆಣ್ಣೆಯನ್ನು ಬಟ್ಟಲಿನ ಮೇಲೆ ಬಿಡುವರು. ಹನಿ ಹರಡಿದರೆ ಕ್ಷೇಮ; ನಿಂತಲ್ಲೇ ನಿಂತರೆ ಎಚ್ಚರ; ಮುಳುಗಿದರೆ ವೈದ್ಯನ ಕೈಯಲ್ಲಿ ಏನೂ ಇಲ್ಲ. ಆಮೇಲೆ ಬಟ್ಟಲನ್ನು ಅತ್ತಿಯ ಬೇರಿನ ಬಳಿ ಒಂದು ಗಳಿಗೆ ಇಟ್ಟು ಇರುವೆ ಬರುತ್ತವೆಯೇ ಎಂದು ನೋಡುವರು. “ಎಣ್ಣೆ ಹೇಳುವುದು ಇಂದಿನ ಮಾತು, ಇರುವೆ ಹೇಳುವುದು ನಾಲ್ಕಾರು ವರ್ಷದ ಮುಂದಿನ ಮಾತು. ಮೈಗೆ ಗೊತ್ತಾಗುವ ಮೊದಲೇ ಇರುವೆಗೆ ಗೊತ್ತಾಗಿರುತ್ತದೆ” ಎನ್ನುವರು. ಅರಮನೆಯ ಅಡುಗೆಯ ನಂಜಪ್ಪನ ಮೂತ್ರಕ್ಕೆ ಎಂಟು ವರ್ಷದ ಹಿಂದೆ ಇರುವೆ ಬಂದಿದ್ದುವು. ಪಂಡಿತರು ಅವನಿಗೆ ಬೆಲ್ಲ ಬಿಡಿಸಿ, ಜವೆಗೋದಿ, ಹುರುಳಿ, ಹಾಗಲಕಾಯಿ ತಿನ್ನಿಸಿ, ದಿನಕ್ಕೆರಡು ಸಲ ಕೋಟೆ ಸುತ್ತಿಸಿದ್ದರು. ಅವನು ಬೈದುಕೊಂಡೇ ಸುತ್ತಿದ, ಬೈದುಕೊಂಡೇ ಬದುಕಿದ್ದ.

ದೊರೆಯ ಬಟ್ಟಲಿಗೋ, ಒಂದು ದಿನವೂ ಒಂದು ಇರುವೆಯೂ ಬರಲಿಲ್ಲ. “ಇರುವೆ ಇಲ್ಲ” ಎಂದು ಪಂಡಿತರು ದಿನವೂ ಕೂಗಿ ಹೇಳುವರು. ಸಂಕವ್ವ ಸೆರಗೊಡ್ಡಿ ಸೂರ್ಯನಿಗೆ ಕೈಮುಗಿಯುವಳು. ಕಬ್ಬಿನ ಹಾಲೆಂದರೆ, ಹೂರಣದ ಹೋಳಿಗೆಯೆಂದರೆ ಪ್ರಾಣ ಬಿಡುವ ಅರಸರು ನಿಶ್ಚಿಂತೆಯಿಂದ ಉಣ್ಣುವರು.

ಆದರೂ ಮೂರು ವರ್ಷಗಳಿಂದ ಅವರ ಮೈ ಇಳಿಯುತ್ತ ಬಂದಿತ್ತು. ಎಷ್ಟು ನೀರು ಕುಡಿದರೂ ಬಾಯಿ ಒಣಗುವುದು. ಭುಜಕೀರ್ತಿ ತೋಳಿನಿಂದ ಜಾರುವುದು. ಆ ವರ್ಷದ ದಸರೆಯಲ್ಲಿ ಕಾಲಿಗೆ ಜಾಲಿಯ ಮುಳ್ಳು ಚುಚ್ಚಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ರಕ್ತ ಕಂಡು ಪಾದುಕೆಯವನು ಕೂಗಿಕೊಂಡ ಮೇಲೆ ತಿಳಿಯಿತು. ಆ ಗಾಯ ಎರಡು ತಿಂಗಳಾದರೂ ಮಾಯಲಿಲ್ಲ. ಪಂಡಿತರಿಗೆ ಅನುಮಾನವಿಲ್ಲದೆ ಇಲ್ಲ. ಎಣ್ಣೆಯ ಹನಿಯೂ ಮೊದಲಿನಂತೆ ಹರಡದೆ ಸೋಮಾರಿಯಾಗಿತ್ತು. ಆದರೆ ಇರುವೆ ಬಾರದಿರುವಾಗ ಮಧುಮೇಹವೆಂದು ಹೇಗೆ ಹೇಳುವುದು? ವಾತವೆಂದು ತಿಳಿದು ತೈಲ ಕೊಟ್ಟರು, ಕಷಾಯ ಕೊಟ್ಟರು.

ಅರಸರಿಗಿದ್ದುದು ಒಂದೇ ಸಂತಾನ, ಎಂಟು ತಿಂಗಳ ಹಸುಗೂಸು ರಾಜಕುಮಾರಿ ಹೊನ್ನಾಜಿ. ಪಟ್ಟವನ್ನು ಮಗುವಿನ ಹೆಸರಿಗೆ ನಿಶ್ಚಯಿಸಿ, ಅವಳು ಬೆಳೆಯುವ ತನಕ ಆಡಳಿತವನ್ನು ತಮ್ಮ ಕೈಗೆ ಒಪ್ಪಿಸಬೇಕೆಂದು ರಾಣಿ ಪಂಪಾಂಬೆಯವರು ಎರಡು ಸಲ ಕೇಳಿದ್ದರು. ಎರಡು ಸಲವೂ ಅಡ್ಡ ಬಂದವನು ದಳವಾಯಿ ಕೆಂಚವೀರಪ್ಪ. ಅವನು ಅರಸರ ದೊಡ್ಡಪ್ಪನ ಮಗ. ಸೇನೆಯೆಲ್ಲ ಅವನ ಮಾತಿನಲ್ಲಿ. ಅರಸರು ಏನನ್ನೂ ನಿಶ್ಚಯಿಸದೆ ಕಣ್ಣು ಮುಚ್ಚಿದರೆ ಸಿಂಹಾಸನಕ್ಕೆ ತನಗಿಂತ ಹತ್ತಿರದವರಿಲ್ಲವೆಂದು ಬಲ್ಲವನು. ಅವನಿಗೆ ವಿಷ ಬೇಕಾಗಿರಲಿಲ್ಲ, ಕತ್ತಿ ಬೇಕಾಗಿರಲಿಲ್ಲ; ತಡವಾದರೆ ಸಾಕಾಗಿತ್ತು.

“ಪ್ರಭುಗಳ ಬಟ್ಟಲು ಚೊಕ್ಕಟವಾಗಿದೆಯೆಂದು ಪಂಡಿತರೇ ದಿನವೂ ಸಾರುತ್ತಿರುವಾಗ ರಾಣಿಯವರಿಗೇಕೆ ಇಷ್ಟು ಅವಸರ? ದೊರೆಗಳು ನೂರು ವರ್ಷ ಬಾಳಲಿ ಎಂದು ನಾವು ಹರಸುತ್ತಿದ್ದರೆ, ಅಂತಃಪುರದಲ್ಲಿ ಬೇರೆ ಏನನ್ನೋ ಎಣಿಸುತ್ತಿರುವಂತಿದೆಯಲ್ಲ!” ಎಂದು ಅವನು ಮೀಸೆಯ ಮರೆಯಲ್ಲಿ ನಕ್ಕಾಗ ಅರಸರ ಮನಸ್ಸು ಮುರಿಯುವುದು, ರಾಣಿಯವರು ಕಣ್ಣೊರಸಿಕೊಂಡು ಒಳಗೆ ಹೋಗುವರು.

ಹೀಗಿರುವಲ್ಲಿ ಒಂದು ದಿನ ಹೊಸ ಕೆರೆಯ ಏರಿ ನೋಡಲು ಅರಸರು ಸವಾರಿ ಹೊರಟರು. ಪಂಡಿತರೂ ಜೊತೆಗಿದ್ದರು. ದಾರಿಯಲ್ಲಿ ಅರಸರು ನಾಲ್ಕು ಸಲ ಕುದುರೆಯಿಂದಿಳಿದು ಬಂಡೆಯ ಮರೆಗೆ ಹೋಗಿಬಂದರು. ಮರಳಿ ಬರುವಾಗ ಪಂಡಿತರು ಅಭ್ಯಾಸದಂತೆ ನೆಲ ನೋಡುತ್ತ ನಡೆಯುತ್ತಿದ್ದವರು ಒಂದು ಹಾಸುಬಂಡೆಯ ಬಳಿ ಗಕ್ಕನೆ ನಿಂತರು. ಬಂಡೆಯ ಮೇಲೆ ಒಂದು ಒಣಗಿದ ಕಲೆ. ಆ ಕಲೆಯ ತುಂಬ ಇರುವೆ! ಹೊಲದ ಕಡೆಯಿಂದ ಒಂದು ಸಾಲು, ಹುತ್ತದ ಕಡೆಯಿಂದ ಇನ್ನೊಂದು ಸಾಲು, ಮದುವೆಯ ಊಟಕ್ಕೆ ಬಂದ ಹಾಗೆ ಬರುತ್ತಲೇ ಇದ್ದುವು.

“ಇಲ್ಲಿ ಇಳಿದವರು ಯಾರು?” ಎಂದು ಪಂಡಿತರು ಕುದುರೆಯಾಳನ್ನು ಕೇಳಿದರು.

“ಬುದ್ಧಿಯವರೇ, ನಮ್ಮ ದೊರೆಗಳೇ ಅಲ್ಲವೇ, ಸ್ವಾಮಿ.”

ಬಂಡೆ ನಿಜ ಹೇಳುತ್ತಿದ್ದರೆ ಬಟ್ಟಲು ಮೂರು ವರ್ಷದಿಂದ ಸುಳ್ಳು ಹೇಳಿದೆ.

ಊರಿಗೆ ಬಂದವರೇ ನೇರವಾಗಿ ಸಂಕವ್ವನ ಕೋಣೆಗೆ ಹೋದರು. ಅವಳು ಹೊನ್ನಾಜಿಯನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಒತ್ತುತ್ತಿದ್ದಳು.

“ಸಂಕವ್ವ, ದೊರೆಯ ಬಟ್ಟಲನ್ನು ಹೇಗೆ ತೊಳೆಯುತ್ತೀಯೆ?”

“ಇದೇನು ಕೇಳುವ ಮಾತು? ಹುಣಿಸೆ ಹಚ್ಚಿ ತಿಕ್ಕಿ, ಬೂದಿಯಲ್ಲಿ ಬೆಳಗಿ, ಮೂರು ನೀರು ತೊಳೆಯುತ್ತೇನೆ.”

“ಆಮೇಲೆ?”

ಮುದುಕಿ ಸುತ್ತಮುತ್ತ ನೋಡಿ, ಗುಟ್ಟು ಹೇಳುವ ಹೆಮ್ಮೆಯಲ್ಲಿ ದನಿ ತಗ್ಗಿಸಿದಳು. “ನಿಮಗಾದ್ದರಿಂದ ಹೇಳುತ್ತೇನೆ. ಕೂದಲು, ಉಗುರು, ಉಚ್ಚೆ, ಇವು ಮೂರು ಹಗೆಯವರ ಕೈಗೆ ಸಿಕ್ಕರೆ ಮಾಟ ಮಾಡದೆ ಬಿಡುತ್ತಾರೆಯೇ? ಮೂರು ವರ್ಷದ ಕೆಳಗೆ ನನ್ನಪ್ಪನಿಗೆ ಜ್ವರ ಬಂದಿತ್ತಲ್ಲ, ಅಂದಿನಿಂದ ಬಟ್ಟಲಿನ ಹೊರಮೈಗೆಲ್ಲ ಅರಿಸಿನ, ಬೇವಿನ ಸೊಪ್ಪಿನ ರಸ ಕಲಸಿ ಹಚ್ಚುತ್ತಿದ್ದೇನೆ. ಕಂಚಿನ ಬಣ್ಣಕ್ಕೆ ಅರಿಸಿನ ಯಾರ ಕಣ್ಣಿಗೂ ಕಾಣುವುದಿಲ್ಲ. ಒಂದು ದಿನ ತಪ್ಪಿಸಿಲ್ಲ, ಪಂಡಿತರೇ. ಮೈಯಲ್ಲಿ ಹುಷಾರಿಲ್ಲದ ದಿನವೂ ತಪ್ಪಿಸಿಲ್ಲ.”

ಪಂಡಿತರು ಅಲ್ಲೇ ಇದ್ದ ಬಟ್ಟಲನ್ನು ಎತ್ತಿ ಹೊರಮೈಯನ್ನು ಬೆರಳಿನಿಂದ ಒರಸಿ ನೋಡಿದರು.

“ಯಾಕೆ, ಏನಾಯಿತು? ಮುಖ ಯಾಕೆ ಹೀಗಾಯಿತು?”

“ಸಂಕವ್ವ... ಮನೆಯಲ್ಲಿ ಬೆಲ್ಲದ ಗಡಿಗೆಗೆ ಇರುವೆ ಬಾರದಿರಲಿ ಎಂದು ಹೆಂಗಸರು ಏನು ಮಾಡುತ್ತಾರೆ?”

“ಸುತ್ತ ಅರಿಸಿನ...” ಎಂದವಳು ಅಲ್ಲಿಗೇ ನಿಂತಳು. ಮಗುವಿನ ಬೆನ್ನ ಮೇಲಿದ್ದ ಅಂಗೈ ಹಾಗೆಯೇ ಉಳಿಯಿತು. ಅವಳು ಕೇಳಿದ್ದು ಒಂದೇ ಮಾತು: “ಮೊದಲೇ ಗೊತ್ತಾಗಿದ್ದರೆ ಬದುಕುತ್ತಿದ್ದನೇ?”

ಪಂಡಿತರಿಗೆ ಸುಳ್ಳಾಡಿ ಅಭ್ಯಾಸವಿಲ್ಲ. “ನಂಜಪ್ಪ ಬದುಕಿದ್ದಾನಲ್ಲ” ಎಂದರು.

ಅವಳು ಅಳಲಿಲ್ಲ. ಅಳಲು ಬೇಕಾದಷ್ಟು ಉಸಿರೇ ಅವಳಲ್ಲಿರಲಿಲ್ಲ.

“ಕೇಳು, ಈ ಮಾತು ನಿನ್ನ ಬಾಯಿಂದ ಹೊರಗೆ ಬೀಳಕೂಡದು,” ಎಂದು ಪಂಡಿತರು ಅವಳ ಮುಂದೆ ಬಾಗಿ ಹೇಳಿದರು. “ನೀನು ರಾಣೀವಾಸದವಳು. ಬಟ್ಟಲಿಗೆ ಅರಿಸಿನ ಬೇವು ಹಚ್ಚಿದೆಯೆಂದು ದಳವಾಯಿಗೆ ತಿಳಿದರೆ ಅದನ್ನೇ ಮಾಟವೆಂದು ಸಾರಿ ರಾಣಿಯವರ ತಲೆಗೆ ಕಟ್ಟುತ್ತಾನೆ. ಆಮೇಲೆ ಈ ಮಗುವಿನ ಗತಿ ಏನು? ತಪ್ಪು ನನ್ನದೆಂದು ಹೇಳುತ್ತೇನೆ. ನಾಳೆಯ ಬಟ್ಟಲಿಗೆ ಏನೂ ಹಚ್ಚದೆ ತಾ.”

ಮಾರನೆಯ ಬೆಳಗ್ಗೆ ಪಂಡಿತರ ಬಿನ್ನಹದ ಮೇಲೆ ಅರಸರು ನಾಯಕರನ್ನೆಲ್ಲ ಅತ್ತಿಯ ಕಟ್ಟೆಯ ಬಳಿಗೆ ಕರೆಸಿದರು. ಕಾಲಿಗೆ ಪಟ್ಟಿ ಕಟ್ಟಿಕೊಂಡ ಅರಸರು ಪೀಠದ ಮೇಲೆ ಒರಗಿದ್ದರು. ಪರದೆಯ ಹಿಂದೆ ಮಗುವಿನೊಡನೆ ರಾಣಿಯವರು, ಅವರ ಹಿಂದೆ ಸಂಕವ್ವ. ಬಟ್ಟಲನ್ನು ಬೇರಿನ ಬಳಿ ಇಟ್ಟರು. ಅರ್ಧ ಗಳಿಗೆಯೂ ಆಗಿರಲಿಲ್ಲ. ಇರುವೆ ಮುತ್ತಿ ಬಟ್ಟಲಿನ ಅಂಚು ಕಪ್ಪಗಾಯಿತು. ಪಂಡಿತರು ಎಣ್ಣೆಯ ಹನಿ ಬಿಟ್ಟರು. ಅದು ಹರಡಲಿಲ್ಲ, ನಿಲ್ಲಲಿಲ್ಲ, ಕಣ್ಣೆದುರಿಗೇ ಮುಳುಗಿತು.

“ಮಹಾಸ್ವಾಮಿ, ಹೇಳಲು ನಾಲಗೆ ಏಳದು. ಇದು ಮಧುಮೇಹ. ಮದ್ದಿನ ಕಾಲ ಮೀರಿದೆ. ಈ ಎಣ್ಣೆಯನ್ನೂ ಕಾಲಿನ ಗಾಯವನ್ನೂ ನೋಡಿದರೆ ಇನ್ನೊಂದು ತಿಂಗಳು ದಾಟುವುದು ಕಷ್ಟ. ಶಾಸನದಂತೆ ಪಟ್ಟದ ನಿರ್ಣಯ ಇಂದೇ ಆಗಬೇಕು.”

ದಳವಾಯಿ ಚಪ್ಪಾಳೆ ತಟ್ಟಿದನು.

“ಭಲೆ ಪಂಡಿತರೇ! ಮೂರು ವರ್ಷ ಇರುವೆ ಇಲ್ಲವೆಂದು ಸಾರಿದಿರಿ. ಮೊನ್ನೆಯೂ ಇಲ್ಲ, ನಿನ್ನೆಯೂ ಇಲ್ಲ. ಇಂದು ನಾಯಕರೆಲ್ಲ ಬರುವ ದಿನಕ್ಕೆ ಸರಿಯಾಗಿ ಇರುವೆಗಳೂ ಬಂದುವು! ರಾಣೀವಾಸದ ಉಗ್ರಾಣದಲ್ಲಿ ಬೆಲ್ಲಕ್ಕೇನು ಬರವೇ?”

“ಬೆಲ್ಲ ಬೆರೆಸಿಲ್ಲ. ಇಷ್ಟು ದಿನ... ನನ್ನ ಕಣ್ಣು ತಪ್ಪಿತು” ಎಂದರು ಪಂಡಿತರು, ತಲೆ ತಗ್ಗಿಸಿ.

“ಮೂರು ವರ್ಷ ತಪ್ಪಿದ ಕಣ್ಣು ಇಂದೊಂದು ದಿನ ಸರಿಯಾಯಿತೇ? ಕುರುಡನ ಮಾತು ನಂಬಿ ಹಸುಗೂಸಿಗೆ ಪಟ್ಟ ಕಟ್ಟಬೇಕೇ? ನಾಯಕರೇ, ನೀವೇ ಹೇಳಿ.”

ನಾಯಕರಲ್ಲಿ ಗುಜುಗುಜು ಎದ್ದಿತು. ಕೆಲವರು ನಕ್ಕರು. ಪಂಡಿತರು ಪರದೆಯ ಕಡೆ ನೋಡಿದರು. ಸತ್ಯ ಹೇಳಿದರೆ ಸಂಕವ್ವ ಕೆಡುತ್ತಾಳೆ. ಹೇಳದಿದ್ದರೆ ಮಗು ಕೆಡುತ್ತದೆ. ಅರಸರು ಒಮ್ಮೆ ಪಂಡಿತರನ್ನು, ಒಮ್ಮೆ ದಳವಾಯಿಯನ್ನು ನೋಡಿದರು. ಯಾರನ್ನು ನಂಬುವುದೆಂದು ಅವರಿಗೂ ತಿಳಿಯಲಿಲ್ಲ.

ಆಗ ಪರದೆ ಸರಿಯಿತು. ಸಂಕವ್ವ ಸೊಂಟಕ್ಕೆ ಸೆರಗು ಬಿಗಿದುಕೊಂಡು ಸಭೆಯ ನಡುವೆ ಬಂದು ನಿಂತಳು.

“ಪಂಡಿತರ ಕಣ್ಣು ಸರಿಯಾಗೇ ಇದೆ. ಅದಕ್ಕೆ ಬಟ್ಟೆ ಕಟ್ಟಿದವಳು ನಾನು” ಎಂದಳು. ಅರಿಸಿನದ ಮಾತು, ಬೇವಿನ ಮಾತು, ಮಾಟದ ಭಯದ ಮಾತು, ಒಂದನ್ನೂ ಮುಚ್ಚಿಡದೆ ಹೇಳಿದಳು.

“ಕತೆ ಚೆನ್ನಾಗಿದೆ, ಅಜ್ಜಿ,” ಎಂದನು ದಳವಾಯಿ. “ಆದರೆ ಬೆಲ್ಲದ ಮಾತು ಹಾಗೇ ಉಳಿಯಿತಲ್ಲ?”

ಅರಸರು ಪೀಠದ ಕೈ ಹಿಡಿದು ಮೆಲ್ಲನೆ ಎದ್ದರು. “ಅದಕ್ಕೇಕೆ ವಾದ? ದಳವಾಯಿಗಳೇ, ನನಗೆ ಈಗ ಮತ್ತೆ ಒತ್ತಿ ಬಂದಿದೆ. ಈಚೆಗೆ ಗಳಿಗೆಗೊಮ್ಮೆ ಬರುತ್ತದೆ. ಬೇರೆ ಬಟ್ಟಲು ತೆಗೆದುಕೊಳ್ಳಿ. ನೀವೇ ಹಿಡಿಯಿರಿ. ನಿಮ್ಮ ಕೈಗಿಂತ ನಂಬಿಕೆಯ ಕೈ ನಿಮಗೆ ಇನ್ನೆಲ್ಲಿ ಸಿಕ್ಕೀತು?”

ನಗಬಾರದ ಹೊತ್ತಾದರೂ ಮುದಿ ನಾಯಕರೊಬ್ಬರು ಕೆಮ್ಮಿನ ನೆಪದಲ್ಲಿ ನಕ್ಕುಬಿಟ್ಟರು. ರತ್ನದ ಉಂಗುರಗಳ ಕೈಯಲ್ಲಿ ಬಟ್ಟಲು ಹಿಡಿದು, ಗೋಡೆಯ ಮರೆಗೆ ಅರಸರ ಹಿಂದೆ ಹೋಗಿಬಂದ ದಳವಾಯಿಯ ಮುಖ ಇದ್ದಿಲಾಗಿತ್ತು.

ಸಂಕವ್ವ ಅದನ್ನು ಎರಡು ಬಟ್ಟಲಿಗೆ ಸಮನಾಗಿ ಸುರಿದಳು. ಒಂದನ್ನು ಹಾಗೆಯೇ ಬಿಟ್ಟಳು. ಇನ್ನೊಂದರ ಹೊರಮೈಗೆ ಸೊಂಟದ ಸಂಚಿಯಿಂದ ಅರಿಸಿನ ಬೇವಿನ ಮುದ್ದೆ ತೆಗೆದು, ಮಗುವಿಗೆ ಎಣ್ಣೆ ಹಚ್ಚುವಷ್ಟು ಮೃದುವಾಗಿ ಹಚ್ಚಿದಳು. ಎರಡನ್ನೂ ಬೇರಿನ ಬಳಿ ಇಟ್ಟಳು.

ಯುದ್ಧ ಕಂಡ ನಾಯಕರು, ಮೀಸೆಯ ಸರದಾರರು, ಕುಕ್ಕರುಗಾಲಿನಲ್ಲಿ ಕುಳಿತು ಇರುವೆಗಳನ್ನು ಕಾಯುತ್ತಿದ್ದರು. ಮೊದಲು ಒಂದು ಬಂದಿತು. ಅರಿಸಿನದ ಬಟ್ಟಲಿನ ಬುಡ ಮುಟ್ಟಿ, ಮೀಸೆಯಾಡಿಸಿ, ಹಿಂದಕ್ಕೆ ತಿರುಗಿತು. ಬರಿಯ ಬಟ್ಟಲನ್ನು ಹತ್ತಿತು, ಒಳಗೆ ಇಣುಕಿತು, ಬಂದ ದಾರಿಯಲ್ಲೇ ಓಡಿತು. ಆಮೇಲೆ ಬೇರಿನ ಬಿರುಕಿನಿಂದ ಸಾಲು ಹೊರಟಿತು. ಒಂದು ಬಟ್ಟಲು ಕಪ್ಪಾಯಿತು. ಇನ್ನೊಂದು ಹೊಳೆಯುತ್ತಲೇ ಇತ್ತು. ಮುದ್ದುಲಿಂಗ ನಾಯಕರು ತಮ್ಮ ಸಾವು ಸಾಲುಗಟ್ಟಿ ಬರುವುದನ್ನು ಕಣ್ಣು ಮಿಟುಕಿಸದೆ ನೋಡಿದರು. ಪಂಡಿತರು ಬಟ್ಟಲಿಗೆ ಬಿದ್ದ ಇರುವೆಗಳನ್ನು ಗರಿಯ ತುದಿಯಿಂದ ಒಂದೊಂದಾಗಿ ಎತ್ತಿ ನೆಲಕ್ಕೆ ಬಿಡುತ್ತಿದ್ದರು. ಅವರ ಕಣ್ಣೀರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು.

ಸೋತೆನೆಂದು ದಳವಾಯಿ ಒಪ್ಪುವವನಲ್ಲ. ಕಲ್ಲಿನ ಕಡೆ ಕೈ ತೋರಿಸಿದನು. “ಹಾಗಾದರೆ ಅಪರಾಧ ಸಿದ್ಧವಾಯಿತು. ಅರಸರ ಬಟ್ಟಲಿಗೆ ರಾಣೀವಾಸದ ದಾಸಿ ಮೂರು ವರ್ಷ ಕೈ ಹಾಕಿದ್ದಾಳೆ. ಯಾರ ಅಪ್ಪಣೆಯಿಂದ? ಪ್ರಭುಗಳು ಇವಳನ್ನು ಕ್ಷಮಿಸಿದರೆ, ಪರದೆಯ ಹಿಂದೆ ಇರುವವರನ್ನು ಉಳಿಸಲೆಂದೇ ಕ್ಷಮಿಸಿದರೆಂದು ನಾಡು ಆಡಿಕೊಳ್ಳುತ್ತದೆ. ಶಾಸನ ನಡೆಯಲೇಬೇಕು. ಒಂದಕ್ಷರ ಬಿಡದೆ ನಡೆಯಬೇಕು.”

“ಯಾರ ಅಪ್ಪಣೆಯೂ ಇಲ್ಲ, ದಳವಾಯಿಗಳೇ” ಎಂದಳು ಸಂಕವ್ವ. “ಮಗುವಿಗೆ ದೃಷ್ಟಿಬೊಟ್ಟು ಇಡುವವಳು ಯಾರ ಅಪ್ಪಣೆ ಕೇಳುತ್ತಾಳೆ? ಈ ಮಗುವಿಗೆ ನಲವತ್ತೆರಡು ವರ್ಷವಾಯಿತೆಂಬುದು ಒಂದು ನನಗೆ ಮರೆತುಹೋಯಿತು.”

ಅರಸರು ಸಂಕವ್ವನ ಕಡೆ ತಿರುಗಿದರು. “ಅವ್ವ, ಆ ಕಲ್ಲಿನ ಮೇಲೆ ಏನು ಬರೆದಿದೆ ಗೊತ್ತೇ?”

“ನನಗೆ ಓದು ಬಾರದಲ್ಲ, ನನ್ನಪ್ಪ. ಇಷ್ಟು ವರ್ಷ ಅದಕ್ಕೇ ಒರಗಿ ಬಿಸಿಲು ಕಾಯಿಸಿಕೊಂಡೆ.”

ಅರಸರು ಓದಿ ಹೇಳಿದರು. ಮುದುಕಿ ತಲೆದೂಗುತ್ತ ಕೇಳಿದಳು. ಆಮೇಲೆ ಹತ್ತಿರ ಬಂದು, ಅವರ ಕಾಲಿನ ಪಟ್ಟಿಯ ಸಡಿಲವಾದ ತುದಿಯನ್ನು ಸಿಕ್ಕಿಸಿ, ಅವರಿಗೊಬ್ಬರಿಗೇ ಕೇಳುವಂತೆ ಹೇಳಿದಳು:

“ಕ್ಷಮಿಸಬೇಡ. ಕ್ಷಮಿಸಿದರೆ ಆ ಕೂಸಿನ ಮೇಲೆ ಬೀಳುತ್ತಾರೆ. ನಾನು ಮುದುಕಿ, ಎಲ್ಲಿದ್ದರೇನು? ಹೇಳಿಬಿಡು, ನನ್ನ ರಾಜ. ಬೇಗ ಹೇಳಿಬಿಡು.”

ಅರಸರು ನೆಟ್ಟಗೆ ನಿಂತರು. “ಶಾಸನದಂತೆ... ಸಂಕವ್ವನಿಗೆ ಗಡಿಪಾರು. ಈ ನಾಡಿನ ಎಲ್ಲೆಯೊಳಗೆ ಅವಳಿಗೆ ಯಾರೂ ನೀರು ಬೆಂಕಿ ಕೊಡಕೂಡದು.”

ಪರದೆಯ ಹಿಂದೆ ಯಾರೋ ಬಿಕ್ಕಿದರು. ಅರಸರು ದಳವಾಯಿಯ ಕಡೆ ತಿರುಗಿದರು.

“ನಿಮ್ಮ ಮಾತಿನಂತೆ ಮೊದಲನೆಯ ಸಾಲು ನಡೆಸಿದೆ. ನನ್ನ ತಾಯಿಯನ್ನು ಕೊಟ್ಟು ನಡೆಸಿದೆ. ಒಂದಕ್ಷರ ಬಿಡದೆ ನಡೆಯಬೇಕೆಂದಿರಿ. ಕಲ್ಲಿನಲ್ಲಿ ಎರಡನೆಯ ಸಾಲೂ ಇದೆ. ಬಟ್ಟಲು ತೋರಿಸಿದ್ದನ್ನು ನೀವೇ ಕೈಯಾರೆ ಹಿಡಿದು ತಂದಿದ್ದೀರಿ. ಹೊತ್ತು ಇನ್ನೂ ಏರುತ್ತಿದೆ. ಪಟ್ಟ ನನ್ನ ಮಗಳು ಹೊನ್ನಾಜಿಗೆ. ಅವಳು ಬೆಳೆಯುವ ತನಕ ಆಡಳಿತ ರಾಣಿ ಪಂಪಾಂಬೆಗೆ. ಕತ್ತಿಯಿಟ್ಟು ಮೊದಲ ಆಣೆ ನಿಮ್ಮದಾಗಲಿ.”

ದಳವಾಯಿ ನಾಯಕರನ್ನು ನೋಡಿದನು. ಮುದುಕಿಗೆ ದಂಡನೆ ಆದದ್ದನ್ನು ಕಂಡ ಆ ನಾಯಕರಲ್ಲಿ ಒಬ್ಬನ ಕಣ್ಣೂ ಅವನ ಪರವಾಗಿರಲಿಲ್ಲ. ಕೆಮ್ಮಿದ್ದ ಮುದಿ ನಾಯಕರಂತೂ ಆಗಲೇ ಒರೆಯಿಂದ ಕತ್ತಿ ಹಿರಿದು ನಿಂತಿದ್ದರು. ಕೆಂಚವೀರಪ್ಪ ಕತ್ತಿಯನ್ನು ಮಗುವಿನ ಮುಂದೆ ಇಟ್ಟನು. ಉಳಿದವರ ಕತ್ತಿಗಳು ಅದರ ಮೇಲೆ ಒಂದೊಂದಾಗಿ ಬಿದ್ದುವು.

ಸಂಕವ್ವ ಅಷ್ಟರಲ್ಲಿ ಆನೆಬಾಗಿಲನ್ನು ದಾಟಿದ್ದಳು. ಒಂದು ಕಂಬಳಿ, ಒಂದು ಸೀರೆ, ಅಷ್ಟೇ. ಅಂಗಡಿಬೀದಿಯಲ್ಲಿ ಅವಳನ್ನು ನೋಡಿ ಹೂವಾಡಗಿತ್ತಿಯರು ಎದ್ದು ನಿಂತರು. ಒಬ್ಬಳು ತಂಬಿಗೆಯ ನೀರು ಹಿಡಿದು ಮುಂದೆ ಬಂದಳು, ಆಜ್ಞೆ ನೆನಪಾಗಿ ಅಲ್ಲೇ ನಿಂತುಬಿಟ್ಟಳು. “ಬೇಡವ್ವ, ದಾಹವಿಲ್ಲ” ಎಂದು ಸಂಕವ್ವನೇ ಅವಳಿಗೆ ಸಮಾಧಾನ ಹೇಳಿದಳು. ಗಡಿಗೆ ಎರಡು ದಿನದ ದಾರಿ.

ಅರಸರು ಇಪ್ಪತ್ತಮೂರನೆಯ ದಿನ ತೀರಿಕೊಂಡರು. ಪಂಡಿತರು ಅವರ ಕಾಲ ಬಳಿಯಿಂದ ಅಲುಗಲಿಲ್ಲ; ನೋವು ತಗ್ಗಿಸುವುದೊಂದೇ ಅವರಿಂದಾದದ್ದು. ಪಟ್ಟಣದಲ್ಲಿ ಒಂದು ಹುಲ್ಲುಮನೆಗೂ ಬೆಂಕಿ ಬೀಳಲಿಲ್ಲ. ಮಗುವಿನ ಹೆಸರಿನಲ್ಲಿ ಡಂಗುರ ಹೊಡೆಯಿತು; ದಳವಾಯಿ ಆಣೆಗೆ ಕಟ್ಟುಬಿದ್ದು ಡಂಗುರದ ಹಿಂದೆಯೇ ನಡೆದನು.

ಹನ್ನೊಂದು ದಿನದ ಸೂತಕ ಕಳೆದ ಮೇಲೆ ರಾಣಿಯವರ ಪಲ್ಲಕ್ಕಿ ಪಡುವಣ ಗಡಿಗೆ ಹೊರಟಿತು. ಸೂರ್ಯಚಂದ್ರರನ್ನು ಕೆತ್ತಿದ ಗಡಿಕಲ್ಲಿನ ಆಚೆ ಒಂದು ಹೊಂಗೆಯ ಮರ. ಅದರ ಕೆಳಗೆ ಸೋಗೆಯ ಗುಡಿಸಲು. ಆಚೆಯ ಊರಿನ ಕುರುಬರು ಕೊಟ್ಟ ಗಂಜಿಯಲ್ಲಿ ಸಂಕವ್ವ ಜೀವ ಹಿಡಿದಿದ್ದಳು. ರಾಣಿಯವರ ಬೋಳು ಹಣೆಯನ್ನು ಕಂಡೊಡನೆ ಅವಳಿಗೆ ಎಲ್ಲವೂ ತಿಳಿಯಿತು. ನೆಲಕ್ಕೆ ಕುಸಿದಳು.

“ಅವ್ವ, ಎದ್ದು ಮಗುವನ್ನು ಎತ್ತಿಕೊಳ್ಳಿ” ಎಂದರು ರಾಣಿಯವರು.

“ಬೇಡ ತಾಯಿ. ನನ್ನ ಕೈ ಮುದ್ದು ಮಾಡಿದರೆ ಏನಾಗುತ್ತದೆಂದು ಕಂಡಿರಲ್ಲ. ದೂರದಿಂದ ನೋಡಿದೆ, ಸಾಕು. ಕರೆದುಕೊಂಡು ಹೋಗಿ.”

“ತಾತನಿಗೆ ಬಂದದ್ದು, ತಂದೆಗೆ ಬಂದದ್ದು, ಇವಳಿಗೂ ಬರಬಹುದೆಂದು ಪಂಡಿತರು ಹೇಳುತ್ತಾರೆ. ಇವಳನ್ನು ಕಾಯಬೇಕಾದರೆ ಎಲ್ಲಿ ಮುದ್ದು ಮಾಡಬೇಕು, ಎಲ್ಲಿ ಕೈ ಕಟ್ಟಿಕೊಂಡು ಸುಮ್ಮನಿರಬೇಕು ಎಂದು ಬಲ್ಲವರು ಬೇಕು. ಅದನ್ನು ನಿಮ್ಮಷ್ಟು ಸಂಕಟಪಟ್ಟು ಕಲಿತವರು ಯಾರಿದ್ದಾರೆ? ಶಾಸನ ನಿಮ್ಮನ್ನು ಒಳಗೆ ಬಿಡುವುದಿಲ್ಲ, ಅವ್ವ. ನಮ್ಮನ್ನು ಹೊರಗೆ ಬರಬೇಡಿ ಎಂದು ಅದರಲ್ಲಿ ಎಲ್ಲಿಯೂ ಬರೆದಿಲ್ಲ. ತಿಂಗಳಿಗೊಮ್ಮೆ ಬರುತ್ತೇವೆ.”

ಸಂಕವ್ವ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ತಲೆಯಾಡಿಸಿದಳು.

ರಾಣಿಯವರು ಗಡಿಕಲ್ಲನ್ನು ದಾಟಿ, ಮಗುವನ್ನು ಹೊಂಗೆಯ ನೆರಳಿನ ಮಣ್ಣಿನ ಮೇಲೆ ಕೂರಿಸಿ, ತಿರುಗಿ ಬಂದು ಪಲ್ಲಕ್ಕಿಯ ಬಳಿ ನಿಂತರು. ಕೆಂಗೋಟೆಯ ಹಸುಗೂಸು ಅರಸಿ ಸುತ್ತಲೂ ನೋಡಿದಳು, ಹತ್ತಿರ ಯಾರೂ ಇಲ್ಲ. ತುಟಿ ಮುಂದೆ ಬಂದಿತು. ಆಮೇಲೆ ಕಿರುಚಿ ಅಳತೊಡಗಿದಳು. ಪಲ್ಲಕ್ಕಿ ಹೊತ್ತ ಬೋಯಿಗಳು ಮುಂದೆ ಬರಹೋದರೆ ರಾಣಿಯವರು ಕೈಯೆತ್ತಿ ತಡೆದರು. ಮಗು ಅತ್ತು ಅತ್ತು ಕೆಂಪಾಯಿತು, ಕೆಮ್ಮಿತು, ಅಂಬೆಗಾಲಿಕ್ಕಿ ಎರಡು ಹೆಜ್ಜೆ ಬಂದು ಮಣ್ಣಿಗೆ ಮುಖವಿಟ್ಟು ಬಿದ್ದಿತು.

“ಅಯ್ಯೋ, ಮಣ್ಣು ಬಾಯಿಗೆ ಹೋಯಿತಲ್ಲೇ!” ಎಂದು ಸಂಕವ್ವ ಓಡಿದಳು.